ಪರಿಸರದ ಇಂಗ್ಲಿಷ್ ಕಲಿಸುವ ಒಂದು ಕೋರ್ಸ್: ಆರು ವಾರಗಳ ಬಳಿಕ

ಪರಿಸರಕ್ಕೆ ಸಂಬಂಧಿಸಿದ ವರದಿಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವ ನನಗೆ ಆ ವಿಷಯದ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವುದು ಹೊಸದಲ್ಲ; ಆದರೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿಯೇ ಚರ್ಚಿಸಬೇಕಾಗಿ ಬಂದಾಗ ‘ಪೊಲ್ಯೂಷನ್’, ‘ಗ್ಲೋಬಲ್ ವಾರ್ಮಿಂಗ್’, ‘ಸೇವ್ ದಿ ಅರ್ಥ್’ ಎಂಬಷ್ಟರ ಆಚೆಗೆ ನಾಲಿಗೆ ಏಳುತ್ತಿರಲಿಲ್ಲ. ಕಣ್ಣಿಗೆ ಪರಿಚಯವಿರುವ ಪದ ಬಾಯಿಗೆ ಬರುವುದಿಲ್ಲವೆಂಬ ಈ ತೊಡಕನ್ನು ನೀಗಿಸಿಕೊಳ್ಳಲೆಂದು, ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಚರ್ಚೆಗೆ ಬೇಕಾದ ಇಂಗ್ಲಿಷ್ ಪದಗಳನ್ನು ಕಲಿಸುವುದಾಗಿ ಹೇಳಿಕೊಳ್ಳುವ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿ ಆರು ವಾರಗಳಲ್ಲಿ ಮುಗಿಸಿದೆ. ಇಂಥ ಕೋರ್ಸ್‌ಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದರಿಂದ ಅದರ ಹೆಸರನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಉಚ್ಚಾರಣೆಯನ್ನೂ ಯಾವ ಪದದ ಜೊತೆ ಯಾವ ಪದ ಕೂಡುತ್ತದೆಂಬುದನ್ನೂ ಇದು ಚೆನ್ನಾಗಿ ಕಲಿಸುತ್ತದೆ. ಹತ್ತಿರಹತ್ತಿರದ ಎರಡು ಪದಗಳ ನಡುವೆ ಇರುವ ಅಂತರವನ್ನು ಕಲಿಸುವಲ್ಲಿ ಮಾತ್ರ ಸೋಲುತ್ತದೆ. ಈ ವಿಷಯದಲ್ಲಿ ಕಲಿಯಬೇಕಾದದ್ದರ ಮುಕ್ಕಾಲು ಪಾಲು ಆ ಅಂತರವೇ ಆಗಿರುವುದರಿಂದ ಈ ಸೋಲನ್ನು ಸಣ್ಣದೆನ್ನಲಾರೆ.

ಕೋರ್ಸ್‌ನಲ್ಲಿ 12 ಪಾಠಗಳಿವೆ. ಪ್ರತಿ ಪಾಠದಲ್ಲಿ ಮೂವತ್ತರ ಆಸುಪಾಸು ಪದಗಳ ಕಾರ್ಡುಗಳು, ಅವುಗಳ ಧ್ವನಿಮುದ್ರಣ, ಬಿಟ್ಟ ಸ್ಥಳ ತುಂಬುವ ಅಭ್ಯಾಸ ಮತ್ತು ಕೊನೆಯಲ್ಲಿ ಎರಡು ನಿಮಿಷ ಮಾತಾಡಿ ಧ್ವನಿಮುದ್ರಿಸಿ ಕಳಿಸಬೇಕಾದ ಒಂದು ಕೆಲಸ ಇರುತ್ತದೆ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಕನ್ನಡದಲ್ಲಿ ಒಂದು ಪದದ ಯಾವ ಅಕ್ಷರಕ್ಕೆ ಒತ್ತು ಕೊಟ್ಟರೂ ಅರ್ಥ ಕೆಡುವುದಿಲ್ಲವಾದ್ದರಿಂದ ನಾವು ಇಂಗ್ಲಿಷ್ ಪದಗಳನ್ನೂ ಸಮತಟ್ಟಾಗಿ ಹೇಳಿಬಿಡುತ್ತೇವೆ. ನಮ್ಮ ಬಾಯಲ್ಲಿ ‘ಎನ್ವಿರಾನ್ಮೆಂಟ್’ ಆಗಿರುವ ಪದವು ವಾಸ್ತವದಲ್ಲಿ ‘ಎನ್ವೈರನ್ಮೆಂಟ್’ ಎಂದೂ, ಅದರ ಒತ್ತು ‘ವೈ’ ಮೇಲಿದೆಯೆಂದೂ, ಅದೇ ಪದ ‘ಎನ್ವೈರನ್ಮೆಂಟಲ್’ ಆದೊಡನೆ ಒತ್ತು ‘ಮೆನ್’ ಎಂಬಲ್ಲಿಗೆ ಜರುಗುತ್ತದೆಂದೂ ಮೊದಲ ಪಾಠದಲ್ಲಿಯೇ ಕೇಳಿಸಿ, ಹೇಳಿಸಿ, ಮತ್ತೆ ಕೇಳಿಸುತ್ತಾರೆ. ಬರಗಾಲಕ್ಕಿರುವ ‘ಡ್ರೌಟ್’ ಎಂಬ ಪದವನ್ನು ಕಾಗುಣಿತ ನೋಡಿ ನಾನು ಇಷ್ಟು ವರ್ಷ ‘ಡ್ರಾಟ್’ ಎನ್ನುತ್ತಿದ್ದೆ, ಯಾರೂ ತಿದ್ದಿರಲಿಲ್ಲ. ‘ಸ್ಪೀಶೀಸ್’ ಎಂಬುದು ಒಂದು ಪ್ರಭೇದಕ್ಕೂ ನೂರು ಪ್ರಭೇದಕ್ಕೂ ಒಂದೇ ರೂಪದಲ್ಲಿರುತ್ತದೆ, ‘ಪೊಲ್ಯೂಷನ್’ ಸಾಮಾನ್ಯವಾಗಿ ಬಹುವಚನ ತಾಳುವುದಿಲ್ಲ, ಹೊಗೆ, ಅನಿಲಗಳ ಹೊರಸೂಸುವಿಕೆಗಿರುವ ‘ಎಮಿಷನ್ಸ್’ ಮಾತ್ರ ಹೆಚ್ಚಾಗಿ ಬಹುವಚನದಲ್ಲಿಯೇ ಬರುತ್ತದೆ ಎಂಬ ಸಂಗತಿಗಳನ್ನು ನಿಯಮವಾಗಿ ಹೇರದೆ ವಾಕ್ಯಗಳ ಮೂಲಕವೇ ಮನದಟ್ಟು ಮಾಡಿಸುತ್ತಾರೆ.

ಪದಗಳ ಜೊತೆಗೂಡಿಕೆಯ ಅಭ್ಯಾಸಗಳೂ ಅಷ್ಟೇ ಉಪಯುಕ್ತ. ಹೊರಸೂಸುವಿಕೆಯನ್ನು ‘ಕಟ್’ ಮಾಡುತ್ತಾರೆ, ಗುರಿಯನ್ನು ‘ಮೀಟ್’ ಮಾಡುತ್ತಾರೆ, ಸಂಪನ್ಮೂಲ ‘ಡಿಪ್ಲೀಟ್’ ಆಗುತ್ತದೆ, ಅಪಾಯವನ್ನು ಏನಾದರೊಂದು ‘ಪೋಸ್’ ಮಾಡುತ್ತದೆ. ನಾವು ಜಾಗೃತಿಯನ್ನು ಮೂಡಿಸುವವರಾದ್ದರಿಂದ ಇಂಗ್ಲಿಷಿನಲ್ಲಿ ‘ಕ್ರಿಯೇಟ್ ಅವೇರ್ನೆಸ್’ ಎಂದುಬಿಡುತ್ತೇವೆ. ಇಂಗ್ಲಿಷರ ಬಾಯಲ್ಲಿ ಹೆಚ್ಚು ಸಹಜವಾಗಿ ಬರುವುದು ‘ರೇಸ್ ಅವೇರ್ನೆಸ್’. ನಿಘಂಟು ಎಷ್ಟು ತಿರುವಿದರೂ ಸುಲಭವಾಗಿ ದಕ್ಕದ ತಿಳಿವಳಿಕೆ ಇದು.

ನನಗೆ ಅತ್ಯಂತ ಹಿಡಿಸಿದ್ದು ಪದಮೂಲಗಳ ಪಾಠ. ‘ಇಕಾಲಜಿ’ ಮತ್ತು ‘ಎಕಾನಮಿ’ ಎರಡೂ ಮನೆ ಎಂಬರ್ಥದ ‘ಓಯ್ಕೋಸ್’ ಎಂಬ ಒಂದೇ ಗ್ರೀಕ್ ಮೂಲದಿಂದ ಬಂದವು. ಮೊದಲನೆಯದನ್ನು ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಟಂಕಿಸಿದರೆ, ‘ಇಕೋಸಿಸ್ಟಮ್’ ಎಂಬುದನ್ನು 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಬಳಕೆಗೆ ತಂದರು. ಸುಸ್ಥಿರತೆಯ ಕಲ್ಪನೆಯ ಒಂದು ಬೇರು 1713ರಷ್ಟು ಹಿಂದಕ್ಕೆ ಹೋಗುತ್ತದೆ: ಸ್ಯಾಕ್ಸನಿಯಲ್ಲಿ ಗಣಿಗಾರಿಕೆಯ ಆಡಳಿತಗಾರನಾಗಿದ್ದ ಹನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್, ಕುಲುಮೆಗಳಿಗೆ ಸೌದೆ ಸಾಲದೆ ಹೋಗುತ್ತಿದ್ದ ಕಾಲದಲ್ಲಿ, ಕಾಡು ಮತ್ತೆ ಬೆಳೆಯುವಷ್ಟನ್ನೇ ಕಡಿಯಬೇಕೆಂದು ಬರೆದ. ‘ಸಸ್ಟೇನ್’ ಎಂಬ ಕ್ರಿಯಾಪದವಾದರೋ ಲ್ಯಾಟಿನ್ನಿನಲ್ಲಿ ಕೆಳಗಿನಿಂದ ಹಿಡಿದೆತ್ತುವುದನ್ನು ಸೂಚಿಸುತ್ತದೆ. ನಮ್ಮ ‘ಸುಸ್ಥಿರ’ ಎಂಬುದು ಅಲುಗಾಡದೆ ನಿಂತಿರುವ ಚಿತ್ರವನ್ನು ಕೊಡುತ್ತದೆಯೇ ಹೊರತು ಬಿಡದೆ ಆನಿಸಿ ಹಿಡಿದಿರಬೇಕಾದ ಶ್ರಮವನ್ನು ಸೂಚಿಸುವುದಿಲ್ಲವಲ್ಲ ಎಂದು ಆ ಸಂಜೆ ಬಹಳ ಹೊತ್ತು ಯೋಚಿಸಿದೆ. ‘ಬಾಳಿಕೆ’ ಎಂಬ ಹಳೆಯ ಪದವನ್ನು ಅನುವಾದಕರು ಇನ್ನಷ್ಟು ದುಡಿಸಿಕೊಳ್ಳಬಹುದಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಇಷ್ಟು ಚೆನ್ನಾಗಿ ಬೇರನ್ನು ತೋರಿಸಿದವರು ಅದೇ ಪದದ ಇಂದಿನ ಅರ್ಥ ಹೇಳುವಾಗ ಎಡವಿರುವುದು ಆಶ್ಚರ್ಯ. ‘ಸಸ್ಟೇನಬಲ್ ಡೆವಲಪ್‌ಮೆಂಟ್’ ಎಂದರೆ ಪರಿಸರಕ್ಕೆ ಹಾನಿ ಮಾಡದ ಅಭಿವೃದ್ಧಿ ಎಂದು ಕಾರ್ಡು ಹೇಳುತ್ತದೆ. ನಾರ್ವೆಯ ಪ್ರಧಾನಿಯಾಗಿದ್ದ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ಕೊಟ್ಟ, ಇಂದಿಗೂ ಎಲ್ಲೆಡೆ ಉದ್ಧರಿಸಲ್ಪಡುವ ವ್ಯಾಖ್ಯೆಯಲ್ಲಿ ‘ಎನ್ವೈರನ್ಮೆಂಟ್’ ಎಂಬ ಪದವೇ ಇಲ್ಲ. ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಸಾಮರ್ಥ್ಯಕ್ಕೆ ಧಕ್ಕೆ ತಾರದೆ ಇಂದಿನವರ ಅಗತ್ಯಗಳನ್ನು ಪೂರೈಸುವ ಅಭಿವೃದ್ಧಿ ಎಂಬುದು ಅದರ ತಾತ್ಪರ್ಯ. ಅಗತ್ಯಗಳಲ್ಲಿ ಬಡವರ ಅಗತ್ಯಗಳಿಗೆ ಮೊದಲ ಸ್ಥಾನವೆಂದೂ ವರದಿ ಅಲ್ಲಿಯೇ ಹೇಳುತ್ತದೆ. ಧಕ್ಕೆ ಎಂದು ನಾನು ಹೇಳಿದ ಕಡೆ ಮೂಲದಲ್ಲಿರುವುದು ‘ಕಾಂಪ್ರಮೈಸ್’. ನಮಗೆ ರಾಜಿ ಎಂಬ ಅರ್ಥದಲ್ಲಿ ಮಾತ್ರ ಗೊತ್ತಿರುವ ಈ ಪದ ಇಲ್ಲಿ ಬೇರೆಯೇ ಅರ್ಥ ತಳೆದಿದೆ. ಪದ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಕ್ಕೀತು? ಆ ವಾಕ್ಯವನ್ನು ಕೋರ್ಸ್ ಎಲ್ಲಿಯೂ ಓದಿಸುವುದಿಲ್ಲ.

ನಿಜವಾದ ತೊಂದರೆ ಆರಂಭವಾಗುವುದು ಸಮಾನಾರ್ಥಕಗಳ ಕಾರ್ಡುಗಳಲ್ಲಿ. ‘ಬಯೋಡಿಗ್ರೇಡಬಲ್’ ಮತ್ತು ‘ಕಾಂಪೋಸ್ಟಬಲ್’ ಎರಡನ್ನೂ ಒಂದೇ ಕಾರ್ಡಿನಲ್ಲಿ ಹಾಕಿ ಅಡ್ಡಗೆರೆ ಎಳೆದಿದ್ದಾರೆ. ಮೊದಲನೆಯದು ಸೂಕ್ಷ್ಮಜೀವಿಗಳಿಂದ ಕೊಳೆಯಬಲ್ಲದ್ದು ಎಂದಷ್ಟೇ ಹೇಳುತ್ತದೆ, ಎಷ್ಟು ಕಾಲದಲ್ಲಿ ಎಂದು ಹೇಳುವುದಿಲ್ಲ. ಎರಡನೆಯದು ನಿಗದಿತ ಪರಿಸ್ಥಿತಿಯಲ್ಲಿ, ನಿಗದಿತ ಅವಧಿಯೊಳಗೆ, ವಿಷವುಳಿಸದೆ ಗೊಬ್ಬರವಾಗುವ ವಸ್ತುವಿಗೆ ಸಲ್ಲುತ್ತದೆ. ‘ಕನ್ಸರ್ವೇಶನ್’ ಮತ್ತು ‘ಪ್ರಿಸರ್ವೇಶನ್’ ಎರಡಕ್ಕೂ ಕನ್ನಡದಲ್ಲಿ ಸಂರಕ್ಷಣೆ ಎಂದೇ ಬರೆಯುವ ನಮ್ಮಂಥವರಿಗಂತೂ, ಒಂದು ಜವಾಬ್ದಾರಿಯಿಂದ ಬಳಸುತ್ತ ಕಾಪಾಡುವುದು, ಇನ್ನೊಂದು ಮುಟ್ಟದೆ ಇದ್ದಂತೆಯೇ ಉಳಿಸುವುದು ಎಂಬ ಭೇದವನ್ನು ಬಿಡಿಸಿ ಹೇಳಲೇಬೇಕಿತ್ತು. ‘ಮಿಟಿಗೇಶನ್’ ಎಂದರೆ ಹವಾಮಾನ ಬದಲಾವಣೆಯ ಕಾರಣವನ್ನು ತಗ್ಗಿಸುವುದು, ‘ಅಡಾಪ್ಟೇಶನ್’ ಎಂದರೆ ಬಂದೊದಗುವ ಪರಿಣಾಮಕ್ಕೆ ಬದುಕನ್ನು ಹೊಂದಿಸಿಕೊಳ್ಳುವುದು. ಒಂದು ಚಿಮಣಿಯ ಬಳಿಯ ಕೆಲಸವಾದರೆ ಮತ್ತೊಂದು ಸಮುದ್ರದ ದಡದ ಕೆಲಸ. ಕೋರ್ಸ್ ಇವೆರಡನ್ನೂ ‘ಹವಾಮಾನ ಬದಲಾವಣೆಯ ವಿರುದ್ಧ ಕ್ರಮ’ ಎಂಬ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದೆ.

ಒಂದು ಪರೀಕ್ಷೆಯಲ್ಲಿ ಅಣುವಿದ್ಯುತ್ ಎಂಥ ಶಕ್ತಿಮೂಲ ಎಂದು ಕೇಳಿದ್ದರು. ‘ಲೋ ಕಾರ್ಬನ್’, ಅಂದರೆ ಇಂಗಾಲವನ್ನು ಕಡಿಮೆ ಹೊರಸೂಸುವಂಥದ್ದು, ಎಂದು ಗುರುತಿಸಿದೆ; ತಪ್ಪೆಂದು ಕೆಂಪು ಗುರುತು ಬಿತ್ತು, ಸರಿಯುತ್ತರ ‘ರಿನ್ಯೂವಬಲ್’, ಅಂದರೆ ನವೀಕರಿಸಬಹುದಾದದ್ದು, ಎಂದು ತೋರಿಸಿತು. ಯುರೇನಿಯಂ ನೆಲದಿಂದ ಅಗೆದು ತೆಗೆಯುವ ಅದಿರು, ಅದು ಮತ್ತೆ ಹುಟ್ಟುವುದಿಲ್ಲ. ಸೌದೆ ಮತ್ತೆ ಬೆಳೆಯುತ್ತದೆ, ಆದರೆ ಅದರ ಹೊಗೆಯನ್ನು ಯಾರೂ ‘ಕ್ಲೀನ್’ ಎನ್ನಲಾರರು. ‘ರಿನ್ಯೂವಬಲ್’, ‘ಕ್ಲೀನ್’, ‘ಲೋ ಕಾರ್ಬನ್’ ಎಂಬ ಮೂರೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಗಳೆಂದು ವಿವರವಾಗಿ ಬರೆದು ಕಳಿಸಿದೆ. ಪರಿಶೀಲಿಸುತ್ತೇವೆಂಬ ಸೌಜನ್ಯದ ಉತ್ತರ ಮರುದಿನವೇ ಬಂತು. ಕೋರ್ಸ್ ಮುಗಿಸುವ ದಿನ ಮತ್ತೆ ನೋಡಿದಾಗ ಪ್ರಶ್ನೆಯೂ ಹಾಗೆಯೇ ಇತ್ತು, ಉತ್ತರವೂ ಹಾಗೆಯೇ ಇತ್ತು.

ಮತ್ತೊಂದು ಕೊರತೆ ಇನ್ನೂ ದೊಡ್ಡದು. ಕಾರ್ಡುಗಳಲ್ಲಿ ಬಹುಪಾಲು ನಾಮಪದಗಳೇ ತುಂಬಿವೆ, ಆದರೆ ಈ ಕ್ಷೇತ್ರದ ದೊಡ್ಡ ಜಗಳಗಳು ನಡೆದಿರುವುದು ಕ್ರಿಯಾಪದಗಳ ಮೇಲೆ. 2015ರ ಡಿಸೆಂಬರಿನಲ್ಲಿ ಹವಾಮಾನ ಬದಲಾವಣೆ ಕುರಿತ ಪ್ಯಾರಿಸ್ ಒಪ್ಪಂದದ ಅಂತಿಮ ಕರಡಿನ ಒಂದು ಕಡೆ, ಮುಂದುವರಿದ ರಾಷ್ಟ್ರಗಳು ಹೊರಸೂಸುವಿಕೆ ಇಳಿಸುವಲ್ಲಿ ಮುಂದಾಳಾಗುವ ಬಗ್ಗೆ ‘ಶ್ಯಾಲ್’ ಎಂದು ಅಚ್ಚಾಗಿತ್ತು. ಅದು ಕಾನೂನಿನ ಕಟ್ಟುಪಾಡಾಗುತ್ತದೆ ಎಂಬ ಕಾರಣಕ್ಕೆ ಅಮೆರಿಕ ಒಪ್ಪಲಿಲ್ಲ. ಕೊನೆಯ ಸಂಜೆ ಅದನ್ನು ತಾಂತ್ರಿಕ ತಿದ್ದುಪಡಿಯೆಂದು ಓದಿ ‘ಶುಡ್’ ಎಂದು ಬದಲಿಸಿದ ಮೇಲೆಯೇ ಒಪ್ಪಂದಕ್ಕೆ ಅಂಗೀಕಾರ ಸಿಕ್ಕಿತು. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲ ಬಗ್ಗೆ ‘ಫೇಸ್ ಔಟ್’ ಎಂದಿದ್ದದ್ದು ಕೊನೆಯ ಗಳಿಗೆಯಲ್ಲಿ ‘ಫೇಸ್ ಡೌನ್’ ಆಯಿತು: ಮೊದಲನೆಯದು ಹಂತಹಂತವಾಗಿ ಇಲ್ಲವಾಗಿಸುವುದು, ಎರಡನೆಯದು ಹಂತಹಂತವಾಗಿ ಇಳಿಸುವುದು. 2023ರ ದುಬೈ ಸಮ್ಮೇಳನ ಇವೆರಡನ್ನೂ ಬಿಟ್ಟು ಪಳೆಯುಳಿಕೆ ಇಂಧನಗಳಿಂದ ‘ಟ್ರಾನ್ಸಿಷನಿಂಗ್ ಅವೇ’, ಅಂದರೆ ದೂರ ಸರಿಯುತ್ತ ಹೋಗುವುದು, ಎಂಬ ಹೊಸ ನುಡಿಗಟ್ಟನ್ನು ಹಿಡಿಯಿತು. ಇಷ್ಟೆಲ್ಲ ರಾಷ್ಟ್ರಗಳು ರಾತ್ರಿಯೆಲ್ಲ ಕೂತು ಎಳೆದಾಡಿದ ಪದಗಳನ್ನು ಚರ್ಚೆಯ ಇಂಗ್ಲಿಷ್ ಕಲಿಸುವ ಕೋರ್ಸ್ ಒಂದು ಹೇಗೆ ಬಿಟ್ಟುಬಿಡಬಲ್ಲದು? ‘ಶ್ಯಾಲ್’ ಮತ್ತು ‘ಶುಡ್’ ವ್ಯಾಕರಣದ ಪುಸ್ತಕದಲ್ಲಿ ಸಿಗುತ್ತವೆ ಎಂದು ಅವರು ಭಾವಿಸಿರಬಹುದು.

‘ಲೈಕ್ಲಿ’ ಎಂಬ ಪದದ ಗತಿಯೂ ಹಾಗೆಯೇ ಆಗಿದೆ. ಕಾರ್ಡಿನ ಪ್ರಕಾರ ಅದು ‘ಪ್ರಾಬಬ್ಲಿ’ಗೆ ಸಮಾನ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ ವರದಿಗಳಲ್ಲಿ ಅದು ಅಳತೆಯುಳ್ಳ ಪದ: ಸಂಭವನೀಯತೆ ಶೇ. 66ರಿಂದ ಮೇಲಿದ್ದರೆ ‘ಲೈಕ್ಲಿ’, ಶೇ. 90ರಿಂದ ಮೇಲಿದ್ದರೆ ‘ವೆರಿ ಲೈಕ್ಲಿ’, ಶೇ. 99ರಿಂದ ಮೇಲಿದ್ದರೆ ‘ವರ್ಚುವಲಿ ಸರ್ಟನ್’. ಇದನ್ನು ಅರಿಯದೆ ಆ ವರದಿಗಳ ಬಗ್ಗೆ ಮಾತಾಡುವವರು, ವಿಜ್ಞಾನಿಗಳು ಅಂದಾಜಿಗೆ ಬಳಸಿದ ಅಳತೆಗೋಲನ್ನು ಅವರ ಅನುಮಾನವೆಂದು ಭಾವಿಸುವ ಸಾಧ್ಯತೆಯಿದೆ. ಅನುವಾದದಲ್ಲಿ ನಾನೂ ಎಷ್ಟೋ ಸಲ ‘ಆಗಬಹುದು’ ಎಂದು ಬರೆದು ಮುಂದೆ ಸಾಗಿದ್ದೇನೆ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪಾಠ ಗಿಳಿಪಾಠ. 2015ರಲ್ಲಿ ಅಂಗೀಕರಿಸಿದ 17 ಗುರಿಗಳ ಕ್ರಮಸಂಖ್ಯೆಯನ್ನು ಬಾಯಿಪಾಠ ಮಾಡಿಸಿ, ‘ಗೋಲ್’ ಮತ್ತು ‘ಟಾರ್ಗೆಟ್’ ಬೇರೆಯೆಂಬುದನ್ನೂ ಆ 17ರ ಕೆಳಗೆ 169 ಟಾರ್ಗೆಟ್‌ಗಳಿವೆಯೆಂಬುದನ್ನೂ ಹೇಳದೆ ಮುಗಿಸುತ್ತಾರೆ.

ಮಾತಾಡುವ ಕೆಲಸಗಳಲ್ಲಿ ‘ಗ್ರೀನ್‌ವಾಶಿಂಗ್’ ಪಾಠದ್ದು ನಿಜಕ್ಕೂ ಸೊಗಸಾಗಿದೆ. 1986ರಲ್ಲಿ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್, ಪರಿಸರ ಉಳಿಸಲು ಟವೆಲನ್ನು ಮರುಬಳಸಿರೆಂದು ಅತಿಥಿಗಳನ್ನು ಕೇಳಿಕೊಳ್ಳುತ್ತಿದ್ದ ಹೋಟೆಲುಗಳ ಬೂಟಾಟಿಕೆಯನ್ನು ಕುರಿತು ಬಳಸಿದ ಪದವಿದು ಎಂದು ಪರಿಚಯಿಸಿ, ಮೂರು ಕಲ್ಪಿತ ಜಾಹೀರಾತುಗಳನ್ನು ಕೊಟ್ಟು, ಯಾವುದರಲ್ಲಿ ಪುರಾವೆಯಿದೆ, ಯಾವುದರಲ್ಲಿ ಬರೀ ಹಸಿರು ಬಣ್ಣವಿದೆ ಎಂದು ವಾದಿಸಲು ಹೇಳುತ್ತಾರೆ. ನನಗೆ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ತಡವರಿಸದೆ ಎರಡು ನಿಮಿಷ ಮಾತಾಡಲು ಸಾಧ್ಯವಾದದ್ದು ಅಲ್ಲಿಯೇ. ಮುಂದಿನ ಪಾಠದ ಉದಾಹರಣೆ ವಾಕ್ಯಗಳಲ್ಲಿ ಎಲ್ಲ ವಸ್ತುಗಳನ್ನೂ ಯಾವ ಸಮರ್ಥನೆಯೂ ಇಲ್ಲದೆ ‘ಇಕೋ ಫ್ರೆಂಡ್ಲಿ’ ಎಂದು ಹೊಗಳಿರುವುದನ್ನು ಕಂಡು ನಗು ಬಂತು. ಧ್ವನಿಮುದ್ರಣಕ್ಕೆ ಅಂಕ ಕೊಡುವುದು ಯಂತ್ರ. ಅದು ಪಾಠದ ಪದಗಳು ಬಂದಿವೆಯೇ ಎಂದು ಮಾತ್ರ ಎಣಿಸುತ್ತದೆಂಬ ಗುಮಾನಿಯಿಂದ ಒಮ್ಮೆ ಎಲ್ಲ ಪದಗಳನ್ನೂ ಅಡ್ಡಾದಿಡ್ಡಿಯಾಗಿ ಪೋಣಿಸಿ ಕಳಿಸಿದೆ. ಪೂರ್ಣ ಅಂಕ ಬಂತು.

ಭಾಷಾ ಪರೀಕ್ಷೆಗೆ ಕೂರುವವರಿಗೆ, ಅಲ್ಲಿ ಪರಿಸರದ ಬಗ್ಗೆ ಪ್ರಬಂಧ ಬರೆಯಬೇಕಾದವರಿಗೆ ಈ ಕೋರ್ಸ್ ಸಾಕು, ಬೇಕಾದ್ದಕ್ಕಿಂತ ಹೆಚ್ಚೇ ಆದೀತು. ವರದಿ ಬರೆಯುವವರು, ಅನುವಾದಿಸುವವರು, ಸಭೆಗಳಲ್ಲಿ ವಾದ ಮಂಡಿಸಬೇಕಾದವರು ಸೇರಬಯಸಿದರೆ ಧ್ವನಿಮುದ್ರಣಗಳನ್ನು ಪೂರ್ತಿ ಬಳಸಿಕೊಂಡು, ಸಮಾನಾರ್ಥಕಗಳ ಕಾರ್ಡುಗಳನ್ನು ನಂಬದೆ, ಪ್ಯಾರಿಸ್ ಒಪ್ಪಂದದ ಮೂಲ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲಿ ‘ಶ್ಯಾಲ್’, ಎಲ್ಲಿ ‘ಶುಡ್’, ಎಲ್ಲಿ ‘ಮೇ’ ಬಂದಿದೆಯೆಂದು ಗುರುತು ಹಾಕುತ್ತ ಓದುವುದು ಮೇಲು. ನನ್ನ ಚಂದಾ ಇನ್ನೂ ಕೆಲವು ವಾರ ಚಾಲ್ತಿಯಲ್ಲಿದೆ; ಒತ್ತುಗಳ ಪಾಠವನ್ನು ಮಾತ್ರ ಮತ್ತೆ ಕೇಳುತ್ತಿದ್ದೇನೆ.