ಪೋಸ್ಟ್‌ಡಾಕ್‌ಗೆ ಅಮೆರಿಕಕ್ಕೆ ಹೋಗುವವರಿಗೆ ಜೆ-1 ಒಳ್ಳೆಯದೋ, ಎಚ್-1ಬಿ ಒಳ್ಳೆಯದೋ? ಎರಡರಲ್ಲೂ ಇದ್ದವಳ ಹೋಲಿಕೆ

ಅಮೆರಿಕದ ಪ್ರಯೋಗಾಲಯವೊಂದರಿಂದ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಯ ಪತ್ರ ಬಂದ ಕೂಡಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಿಂದ ಒಂದು ಮಿಂಚಂಚೆ ಬರುತ್ತದೆ. ಹೆಚ್ಚಿನ ಕಡೆ ಅದರಲ್ಲಿ ಜೆ-1 ಎಂಬ ವಿನಿಮಯ ವೀಸಾ ಎಂದೇ ಬರೆದಿರುತ್ತಾರೆ, ಆಯ್ಕೆಯ ಮಾತೇ ಇರುವುದಿಲ್ಲ. ಕೇಳಿದರೆ ಕೆಲವರು ಎಚ್-1ಬಿ ಎಂಬ ಉದ್ಯೋಗ ವೀಸಾ ಕೊಡಲೂ ಒಪ್ಪುತ್ತಾರೆ. ನಾನು ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ 2019ರಲ್ಲಿ ಜೆ-1ರಲ್ಲಿ ಹೋದೆ. ಮುಂದೆ ಅದೇ ಪ್ರಯೋಗಾಲಯದಲ್ಲಿ ಇದ್ದುಕೊಂಡೇ ಎಚ್-1ಬಿಗೆ ಬದಲಾದೆ. ಮಾಡುತ್ತಿದ್ದ ಸಂಶೋಧನೆ ಅದೇ, ಮಾರ್ಗದರ್ಶಕರೂ ಅವರೇ. ಹಾಗಾಗಿ ಸಂಬಳದ ಚೀಟಿಯಲ್ಲಿ, ಮನೆಯವರ ಬದುಕಿನಲ್ಲಿ ಕಂಡ ವ್ಯತ್ಯಾಸ ಪೂರ್ತಿಯಾಗಿ ವೀಸಾದಿಂದ ಬಂದದ್ದು ಎಂದು ಖಚಿತವಾಗಿ ಹೇಳಬಲ್ಲೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಿಂದ ನೇರವಾಗಿ ಹೊರಡುವವರು, ಅದರಲ್ಲೂ ಮದುವೆಯಾದವರು, ಜೆ-1ರಲ್ಲಿ ಹೋಗಬೇಕು. ಎಚ್-1ಬಿಯನ್ನು ಅಲ್ಲಿಗೆ ಹೋದ ಮೇಲೆ, ಸಮಯ ನೋಡಿ ಪಡೆಯಬೇಕು. ಸರ್ಕಾರಿ ಹಣದ ಫೆಲೋಶಿಪ್‌ನಲ್ಲಿ ಹೋಗುವವರ ಲೆಕ್ಕ ಮಾತ್ರ ಬೇರೆ.

ಕಾಗದಪತ್ರದ ವಿಷಯದಲ್ಲಿ ಜೆ-1 ಹಗುರ. ವಿಶ್ವವಿದ್ಯಾಲಯ ಡಿಎಸ್-2019 ಎಂಬ ನಮೂನೆ ಕೊಡುತ್ತದೆ. ನಾವು 220 ಡಾಲರ್ ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ, ವಿನಿಮಯ ಸಂಶೋಧಕರ ದಾಖಲೆ ವ್ಯವಸ್ಥೆಯ ಶುಲ್ಕ) ಕಟ್ಟಿ, ವೀಸಾ ಶುಲ್ಕವನ್ನೂ ಕಟ್ಟಿ, ಸಂದರ್ಶನಕ್ಕೆ ಹೋಗಬೇಕು. ಕರ್ನಾಟಕದವರಿಗೆ ಅದು ಚೆನ್ನೈ ಅಥವಾ ಹೈದರಾಬಾದ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆಯೊಂದಿಗೆ ಅದು ಆರಂಭವಾಗಲಿಲ್ಲ. ಎಚ್-1ಬಿಗೆ ಮೊದಲು ಕಾರ್ಮಿಕ ಇಲಾಖೆಯಿಂದ ಸಂಬಳದ ಬಗ್ಗೆ ಅನುಮೋದನೆ, ಆಮೇಲೆ ವಲಸೆ ಇಲಾಖೆಗೆ ಐ-129 ಅರ್ಜಿ, ಅದು ಮಂಜೂರಾದ ಮೇಲೆ ವೀಸಾ. ಈ ಅರ್ಜಿಯ ಖರ್ಚು ಉದ್ಯೋಗದಾತರದು. ಕಂಪನಿಗಳನ್ನು ಕಾಡುವ ವಾರ್ಷಿಕ 85,000ದ ಮಿತಿ, ಲಾಟರಿ ಇವು ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಇದು ತಿಳಿಯದೆ ಎಚ್-1ಬಿಯ ಮಾತನ್ನೇ ಎತ್ತದ ಸಂಶೋಧಕರನ್ನು ನಾನು ಬಹಳ ಕಂಡಿದ್ದೇನೆ.

ಇನ್ನೊಂದು ವ್ಯತ್ಯಾಸವಿದೆ. ಎಚ್-1ಬಿಗೆ ಉದ್ಯೋಗಿಯಾಗಿಯೇ ಇರಬೇಕು, ಸಂಬಳ ವಿಶ್ವವಿದ್ಯಾಲಯದಿಂದಲೇ ಬರಬೇಕು. ಹೊರಗಿನ ಫೆಲೋಶಿಪ್ ಹಣದಲ್ಲಿ ಕೆಲಸ ಮಾಡುವವರಿಗೆ ಅದು ಹೊಂದುವುದು ಕಷ್ಟ. ಜೆ-1ಗೆ ಹಣ ಎಲ್ಲಿಂದ ಬಂದರೂ ನಡೆಯುತ್ತದೆ, ಸಾಕಷ್ಟಿದ್ದರೆ ಆಯಿತು.

ಜೆ-1 ಎಂದರೆ ಜನ ಹೆದರುವುದು ಎರಡು ವರ್ಷದ ನಿಯಮಕ್ಕೆ. ವಲಸೆ ಕಾನೂನಿನ 212(ಇ) ಕಲಮಿನ ಪ್ರಕಾರ ಕೆಲವು ಜೆ-1 ಸಂಶೋಧಕರು ತಾಯ್ನಾಡಿಗೆ ಮರಳಿ ಎರಡು ವರ್ಷ ಇರಬೇಕು. ಅಲ್ಲಿಯವರೆಗೆ ಎಚ್-1ಬಿಯಂಥ ಎಚ್ ವೀಸಾ, ಕಂಪನಿಯೊಳಗಿನ ವರ್ಗಾವಣೆಯ ಎಲ್ ವೀಸಾಗಳಾಗಲಿ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಪೋಸ್ಟ್‌ಡಾಕ್‌ಗಳಿಗೆ ಇದು ತಗಲುತ್ತಿದ್ದುದು ಎರಡು ಕಾರಣಗಳಿಂದ: ಯಾವುದಾದರೂ ಸರ್ಕಾರದ ಹಣದಲ್ಲಿ ಬಂದಿರುವುದು, ಇಲ್ಲವೇ ನಮ್ಮ ಪರಿಣತಿ ತಾಯ್ನಾಡಿಗೆ ಬೇಕಾದ ಕೌಶಲಗಳ ಪಟ್ಟಿಯಲ್ಲಿರುವುದು. ನಾನು ಹೋದಾಗ ಭಾರತ ಆ ಪಟ್ಟಿಯಲ್ಲಿತ್ತು, ನನ್ನ ಜೀವವಿಜ್ಞಾನ ಕ್ಷೇತ್ರವೂ ಇತ್ತು. ಹಾಗಾಗಿ ವಿನಾಯಿತಿ ಪಡೆಯಲೇಬೇಕಾಯಿತು. ರಾಜ್ಯ ಸರ್ಕಾರ, ಪಾಸ್‌ಪೋರ್ಟ್ ಕಚೇರಿ, ದೆಹಲಿಯ ಶಿಕ್ಷಣ ಸಚಿವಾಲಯ ಇವುಗಳಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರಗಳು, ಅವುಗಳ ಆಧಾರದ ಮೇಲೆ ಭಾರತೀಯ ರಾಯಭಾರ ಕಚೇರಿಯ ಪತ್ರ, ಆಮೇಲೆ ಅಮೆರಿಕದ ವಿದೇಶಾಂಗ ಇಲಾಖೆಯ ಶಿಫಾರಸು, ಕೊನೆಗೆ ವಲಸೆ ಇಲಾಖೆಯ ಒಪ್ಪಿಗೆ. ಊರಿನಲ್ಲಿ ನನ್ನ ಪರವಾಗಿ ಓಡಾಡಿದವರು ಅಪ್ಪ. ಅವರಿಲ್ಲದಿದ್ದರೆ ಆ ಕೆಲಸ ಮುಗಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಈಗ ಆ ಚಿತ್ರವೇ ಬದಲಾಗಿದೆ. 2024ರ ಡಿಸೆಂಬರ್ 9ರಂದು ಹೊಸ ಕೌಶಲ ಪಟ್ಟಿ ಜಾರಿಗೆ ಬಂತು, ಭಾರತ ಅದರಿಂದ ಹೊರಗೆ ಬಂತು. ಹಿಂದೆ ಜೆ-1ರಲ್ಲಿ ಬಂದವರಿಗೂ ಇದು ಅನ್ವಯಿಸುತ್ತದೆ. ಪಟ್ಟಿಯ ಕಾರಣದಿಂದ ಮಾತ್ರ ಸಿಕ್ಕಿಬಿದ್ದಿದ್ದ ಭಾರತೀಯರು ಈಗ ವಿನಾಯಿತಿ ಇಲ್ಲದೆಯೇ ಎಚ್-1ಬಿಗೆ ಹೋಗಬಹುದು. ಜೆ-1ರ ವಿರುದ್ಧ ಇದ್ದ ದೊಡ್ಡ ವಾದವೇ ಇದರಿಂದ ಬಿದ್ದುಹೋಗಿದೆ ಎಂದು ನಾನು ತಿಳಿಯುತ್ತೇನೆ. ಆದರೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ನಂತೆ ಸರ್ಕಾರಿ ಹಣದಲ್ಲಿ ಹೋದವರಿಗೆ ನಿಯಮ ಹಾಗೆಯೇ ಉಳಿದಿದೆ. ವೀಸಾದ ಮೇಲೆ ಅಧಿಕಾರಿ ಬರೆದ ಟಿಪ್ಪಣಿಯೇ ಅಂತಿಮವಲ್ಲ; ಅನುಮಾನವಿದ್ದರೆ ವಿದೇಶಾಂಗ ಇಲಾಖೆಯಿಂದ ಲಿಖಿತ ಅಭಿಪ್ರಾಯ ಕೇಳಬಹುದು. ವಿನಾಯಿತಿ ಬೇಕಾದವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ವಿದೇಶಾಂಗ ಇಲಾಖೆ ಶಿಫಾರಸು ಮಾಡಿದ ಮೇಲೆ ಡಿಎಸ್-2019ರಲ್ಲಿರುವ ಜೆ-1 ಅವಧಿಯನ್ನು ವಿಸ್ತರಿಸಲು ಬರುವುದಿಲ್ಲ. ಆದ್ದರಿಂದ ಮೊದಲು ಜೆ-1 ಅವಧಿಯನ್ನು ಸಾಧ್ಯವಾದಷ್ಟು ವಿಸ್ತರಿಸಿಕೊಂಡು, ಆಮೇಲೆ ವಿನಾಯಿತಿಗೆ ಕೈಹಾಕಬೇಕು. ನಾನು ಹಾಗೆಯೇ ಮಾಡಿದೆ.

ಸಂಗಾತಿಯ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಜೆ-1ರವರ ಗಂಡ ಅಥವಾ ಹೆಂಡತಿಗೆ ಜೆ-2 ವೀಸಾ. ಅವರು ಅಲ್ಲಿಗೆ ಬಂದ ಮೇಲೆ ಐ-765 ಅರ್ಜಿ ಹಾಕಿ ಕೆಲಸದ ಪರವಾನಗಿ ಪಡೆಯಬಹುದು. ಸಿಕ್ಕ ಮೇಲೆ ಯಾವ ಕೆಲಸವನ್ನಾದರೂ, ಎಲ್ಲಿಯಾದರೂ ಮಾಡಬಹುದು. ಎಚ್-1ಬಿಯವರ ಸಂಗಾತಿಗೆ ಎಚ್-4. ಅದರಲ್ಲಿ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ಎಚ್-1ಬಿ ಹೊಂದಿದವರ ಹೆಸರಿನಲ್ಲಿ ಗ್ರೀನ್ ಕಾರ್ಡ್‌ನ ಐ-140 ಅರ್ಜಿ ಮಂಜೂರಾಗಿರಬೇಕು. 2015ರಲ್ಲಿ ಬಂದ ನಿಯಮ ಇದು. ನನ್ನ ಪತಿ ಸಿವಿಲ್ ಎಂಜಿನಿಯರ್. ಜೆ-2ರಲ್ಲಿ ಪರವಾನಗಿ ಪಡೆದು ಸೇತುವೆ ವಿನ್ಯಾಸದ ಸಂಸ್ಥೆಯೊಂದರಲ್ಲಿ ಕೆಲಸ ಹಿಡಿದಿದ್ದರು. ನಾನು ಎಚ್-1ಬಿಗೆ ಬದಲಾದ ದಿನವೇ ಅವರು ಕೆಲಸ ಬಿಡಬೇಕಾಯಿತು. ಪೋಸ್ಟ್‌ಡಾಕ್‌ನ ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟಿ, ಮಗುವಿನ ಡೇಕೇರ್ ಖರ್ಚನ್ನೂ ನೋಡಿಕೊಂಡ ಆ ಕಾಲ ನಮ್ಮಿಬ್ಬರಿಗೂ ಕಹಿ. ದುಡಿಯುವ ಕೈಯನ್ನು ಕಾನೂನು ಕಟ್ಟಿಹಾಕಿದಾಗ ಮನುಷ್ಯ ಎಷ್ಟು ಕುಗ್ಗುತ್ತಾನೆಂಬುದನ್ನು ಮನೆಯಲ್ಲೇ ನೋಡಿದೆ. ರಾಷ್ಟ್ರೀಯ ಹಿತಾಸಕ್ತಿಯ ವಿಭಾಗದಲ್ಲಿ, ಉದ್ಯೋಗದಾತರ ಹಂಗಿಲ್ಲದೆ, ನಾನೇ ಐ-140 ಹಾಕಿ ಅದು ಮಂಜೂರಾದ ಮೇಲೆ ಅವರಿಗೆ ಮತ್ತೆ ಪರವಾನಗಿ ಸಿಕ್ಕಿತು. ಆದ್ದರಿಂದ ಸಂಗಾತಿ ದುಡಿಯುವವರಾಗಿದ್ದರೆ ಎಚ್-1ಬಿಗೆ ಬದಲಾಗುವ ದಿನಾಂಕವನ್ನು ಐ-140ರ ಜೊತೆಗೇ ಲೆಕ್ಕ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಣದ ಲೆಕ್ಕದಲ್ಲೂ ಜೆ-1 ಮುಂದು. ಎಚ್-1ಬಿಯಲ್ಲಿ ಮೊದಲ ದಿನದಿಂದಲೇ ಸೋಶಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್‌ಗೆ (ವೃದ್ಧರ ಆರೋಗ್ಯ ವಿಮೆ) ಸಂಬಳದ ಶೇ 7.65 ಕಡಿತವಾಗುತ್ತದೆ. 60,000 ಡಾಲರ್ ಸಂಬಳಕ್ಕೆ ಅದು ವರ್ಷಕ್ಕೆ 4,590 ಡಾಲರ್. ಜೆ-1ರಲ್ಲಿ ಹೊಸದಾಗಿ ಬಂದ ಸಂಶೋಧಕರಿಗೆ ಸಾಮಾನ್ಯವಾಗಿ ಮೊದಲ ಎರಡು ಕ್ಯಾಲೆಂಡರ್ ವರ್ಷ ಈ ಕಡಿತವಿಲ್ಲ. ಡಿಸೆಂಬರ್‌ನಲ್ಲಿ ಬಂದಿಳಿದರೆ ಆ ಕೆಲವೇ ದಿನಗಳೂ ಒಂದು ವರ್ಷವಾಗಿ ಲೆಕ್ಕಕ್ಕೆ ಬರುತ್ತವೆ. ಆಗುವುದಾದರೆ ಜನವರಿಯಲ್ಲಿ ಸೇರುವುದು ಲಾಭ. ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲ. ಸುಮಾರು ಹತ್ತು ವರ್ಷ ದುಡಿಯದೆ ಮರಳಿದವರಿಗೆ ಕಟ್ಟಿದ ಹಣದಿಂದ ಪಿಂಚಣಿ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ ಎರಡು ದೇಶಗಳ ಒಪ್ಪಂದದ 22ನೇ ವಿಧಿ ಸಂಶೋಧಕರಿಗೆ ಎರಡು ವರ್ಷದ ವಿನಾಯಿತಿ ಕೊಡುತ್ತದೆ, ಆದರೆ ವಾಸ ಎರಡು ವರ್ಷ ಮೀರಿದರೆ ಪೂರ್ತಿ ಅವಧಿಯ ವಿನಾಯಿತಿ ಹೋಗುತ್ತದೆ, ಹಿಂದಿನ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ನನ್ನ ಯೋಜನೆ ಮೂರು ವರ್ಷದ್ದಾದ್ದರಿಂದ ನಾನು ಅದನ್ನು ಮುಟ್ಟಲಿಲ್ಲ.

ಜೆ-1ಗೆ ಆರೋಗ್ಯ ವಿಮೆ ಕಡ್ಡಾಯ. ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು, ಕುಟುಂಬದವರಿಗೂ ಇರಬೇಕು. ವಿಶ್ವವಿದ್ಯಾಲಯದ ವಿಮೆ ಸಾಕಾಗುತ್ತದೆಯೇ ಎಂದು ಕೇಳಿ ನೋಡಿಕೊಂಡರೆ ಮುಗಿಯಿತು.

ಎಚ್-1ಬಿಯ ಬಲ ಇರುವುದು ಮುಂದಿನ ದಾರಿಯಲ್ಲಿ. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದರೂ ಎಚ್-1ಬಿ ವೀಸಾಕ್ಕೆ ಅಡ್ಡಿಯಿಲ್ಲ. ಊರಿಗೆ ಹೋಗಿ ಬರಬಹುದು. ಜೆ-1ರಲ್ಲಿ ಮರಳಿ ಹೋಗುವ ಉದ್ದೇಶ ತೋರಿಸಬೇಕಾದ್ದರಿಂದ, ಐ-140 ಹಾಕಿದ ಮೇಲೆ ವೀಸಾ ಸಂದರ್ಶನಕ್ಕೆ ನಿಲ್ಲುವುದು ಅಪಾಯ. ಮುಂದೆ ಖಾಯಂ ಆಗಬಲ್ಲ ಬೋಧಕ ಹುದ್ದೆಗೆ (ಟೆನ್ಯೂರ್ ಟ್ರ್ಯಾಕ್) ಜೆ-1ರಲ್ಲಿ ಸೇರುವಂತಿಲ್ಲ, ಎಚ್-1ಬಿಯಲ್ಲಿ ಸೇರಬಹುದು. ಅವಧಿಯ ಲೆಕ್ಕ ಮಾತ್ರ ಎರಡನ್ನೂ ಒಂದರ ಹಿಂದೆ ಒಂದು ಬಳಸುವವರ ಕಡೆಗಿದೆ. ಜೆ-1 ಸಂಶೋಧಕರಿಗೆ ಐದು ವರ್ಷ, ಎಚ್-1ಬಿಗೆ ಆರು ವರ್ಷ; ಜೆ-1ರಲ್ಲಿ ಕಳೆದ ಕಾಲ ಆ ಆರರಲ್ಲಿ ಸೇರುವುದಿಲ್ಲ. ನೇರವಾಗಿ ಎಚ್-1ಬಿಯಲ್ಲಿ ಬಂದವರು ಪೋಸ್ಟ್‌ಡಾಕ್‌ನಲ್ಲೇ ಆರರಲ್ಲಿ ಅರ್ಧ ಖರ್ಚು ಮಾಡಿಬಿಡುತ್ತಾರೆ. ವಿಶ್ವವಿದ್ಯಾಲಯದ ಎಚ್-1ಬಿ ಇದ್ದರೂ ಔಷಧ ಕಂಪನಿಗೆ ಹೋಗಬೇಕಾದರೆ ಲಾಟರಿಗೆ ನಿಲ್ಲಲೇಬೇಕೆಂಬುದೂ ನೆನಪಿರಲಿ.

ಜೆ-1ರಲ್ಲಿ ಬಂದು ಬೇಗ ಮುಗಿಸಿ ಮರಳುವವರಿಗೂ ಒಂದು ತೊಡಕಿದೆ. ಸಂಶೋಧಕ ವರ್ಗದ ಕಾರ್ಯಕ್ರಮ ಮುಗಿದ ಮೇಲೆ 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಬರುವಂತಿಲ್ಲ. ಕೆಲವೇ ತಿಂಗಳ ಭೇಟಿಯಾದರೆ ಆರು ತಿಂಗಳ ಮಿತಿಯ ಅಲ್ಪಾವಧಿ ವಿದ್ವಾಂಸ ವರ್ಗವನ್ನೇ ಕೇಳಿ; ಅದಕ್ಕೆ ಈ ತಡೆ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಘೋಷಣೆ ತಕ್ಕಡಿಯನ್ನು ಇನ್ನಷ್ಟು ಒಂದು ಕಡೆಗೆ ವಾಲಿಸಿತು. ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು, ಮೊದಲಿಗೆ 12 ತಿಂಗಳ ಅವಧಿಗೆ, ಆದೇಶವಾಯಿತು. ವಿಶ್ವವಿದ್ಯಾಲಯಗಳಿಗೆ ಅದರಲ್ಲಿ ಒಟ್ಟಾರೆ ರಿಯಾಯಿತಿ ಇರಲಿಲ್ಲ. ಒಬ್ಬ ಪೋಸ್ಟ್‌ಡಾಕ್‌ನ ವಾರ್ಷಿಕ ಸಂಬಳಕ್ಕಿಂತ ಹೆಚ್ಚಿನ ಮೊತ್ತವನ್ನು ಯಾವ ಪ್ರಯೋಗಾಲಯ ಕಟ್ಟೀತು? ಅಕ್ಟೋಬರ್‌ನಲ್ಲಿ ಬಂದ ವಿವರಣೆಯ ಪ್ರಕಾರ, ದೇಶದೊಳಗೆ ಇದ್ದುಕೊಂಡು ಜೆ-1ರಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕವಿಲ್ಲ. ಆದರೆ ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟು ಹೊರಟರೆ ಆ ರಕ್ಷಣೆ ಹೋಗುತ್ತದೆ. ಮದುವೆಗೋ ಹಬ್ಬಕ್ಕೋ ಊರಿಗೆ ಬರಬೇಕಿದ್ದರೆ ಅರ್ಜಿ ಹಾಕುವ ಮೊದಲೇ ಬಂದು ಹೋಗಿ.

ಅಮೆರಿಕದಲ್ಲೇ ಪಿಎಚ್.ಡಿ. ಮುಗಿಸುತ್ತಿರುವವರಿಗೆ ನನ್ನ ಸಲಹೆ ಬೇರೆ. ವಿದ್ಯಾರ್ಥಿ ವೀಸಾದ ಮೇಲೆಯೇ 12 ತಿಂಗಳು, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನವರಿಗೆ ಇನ್ನೂ 24 ತಿಂಗಳು ಕೆಲಸ ಮಾಡುವ ಅವಕಾಶವಿದೆ. ಅದನ್ನು ಬಳಸಿಕೊಂಡು ಅಲ್ಲಿಂದ ನೇರವಾಗಿ ಎಚ್-1ಬಿ ಕೇಳಬೇಕು. ನಡುವೆ ಜೆ-1 ತೆಗೆದುಕೊಳ್ಳಲು ಅವರಿಗೆ ಕಾರಣವೇ ಇಲ್ಲ. ಭಾರತದಿಂದ ಹೊರಡುವವರು ಮಾತ್ರ ಅಂತರರಾಷ್ಟ್ರೀಯ ವಿಭಾಗಕ್ಕೆ ಬರೆಯುವ ಮೊದಲ ಮಿಂಚಂಚೆಯಲ್ಲೇ ಎರಡು ಪ್ರಶ್ನೆ ಕೇಳಿ: ನನ್ನ ಸಂಬಳದಲ್ಲಿ ನನಗೆ 212(ಇ) ತಗಲಿಸುವ ಸರ್ಕಾರಿ ಹಣ ಸೇರಿದೆಯೇ, ಮತ್ತು ಮೂರನೆಯ ವರ್ಷದಲ್ಲಿ ಎಚ್-1ಬಿಗೆ ಬದಲಾಯಿಸಲು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ. ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ.