ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷೆ: ನುರಿತ ಕೈಗಳಿಗೆ ಮೀರಿದ ಹೊರೆ

ಉಸಿರಾಟದ ತೊಂದರೆಯಿಂದ ಬಳಲುತ್ತಿದ್ದ ಅಮ್ಮನ ಜೊತೆ ದೊಡ್ಡ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿಯಿಡೀ ಇದ್ದು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಏಕೆಂದರೆ ಈ ಕೊರತೆ ಅದೊಂದರದೇ ಅಲ್ಲ. ಅಲ್ಲಿನ ನರ್ಸ್‌ಗಳ ಕೌಶಲಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಅವರಿಗೆ ರೋಗಿಗಳನ್ನು ಹಂಚಿಕೊಟ್ಟ ಕ್ರಮಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ.

ಟ್ರಯಾಜ್, ಅಂದರೆ ಯಾರಿಗೆ ಎಷ್ಟು ತುರ್ತಾಗಿ ಚಿಕಿತ್ಸೆ ಬೇಕೆಂದು ಬಂದ ಕೂಡಲೇ ನೋಡಿ ದರ್ಜೆ ಕೊಡುವ ಕೆಲಸ, ನಿಜಕ್ಕೂ ಮೆಚ್ಚುವಂತಿತ್ತು. ಬಾಗಿಲ ಬಳಿಯಿದ್ದ ನರ್ಸ್ ನೋಂದಣಿ ಮುಗಿಯುವುದಕ್ಕೆ ಕಾಯದೆ ಅಮ್ಮನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಗಡಿಯಾರ ನೋಡುತ್ತ ಎದೆಯ ಏರಿಳಿತವನ್ನು ಒಂದು ಪೂರ್ತಿ ನಿಮಿಷ ಎಣಿಸಿದರು. ಕೆಲಸದ ಒತ್ತಡ ಹೆಚ್ಚಿದಾಗ ಅಂದಾಜಿಗೆ ಬಿದ್ದುಬಿಡುವುದು ಈ ಎಣಿಕೆಯೇ. ರೋಗಿಯ ಸ್ಥಿತಿ ಹದಗೆಡುತ್ತಿರುವ ಸುಳಿವು ಅನೇಕ ಸಲ ಮೊದಲು ಸಿಗುವುದೂ ಇದರಲ್ಲಿಯೇ. ಆಸ್ಟ್ರೇಲಿಯಾದಲ್ಲಿ ಬಳಸುವ ಐದು ದರ್ಜೆಗಳ ಟ್ರಯಾಜ್ ಪದ್ಧತಿಯಲ್ಲಿ ಎರಡನೆಯ ದರ್ಜೆಯ ರೋಗಿಯನ್ನು 10 ನಿಮಿಷದೊಳಗೆ, ಮೂರನೆಯ ದರ್ಜೆಯವರನ್ನು 30 ನಿಮಿಷದೊಳಗೆ ನೋಡಬೇಕು. ಇಲ್ಲಿ ಆ ಹೊತ್ತಿಗೆಲ್ಲ ಆಮ್ಲಜನಕ ಕೊಟ್ಟು, ಇಸಿಜಿ ತೆಗೆದು, ವೈದ್ಯರೂ ಬಂದಾಗಿತ್ತು.

ತೊಂದರೆ ಶುರುವಾದದ್ದು ಒಳಗೆ ಹಾಸಿಗೆ ಸಿಕ್ಕ ಮೇಲೆ. ರೋಗಿ ಎಷ್ಟು ಹೊತ್ತು ಕಾಯಬಹುದು ಎಂಬುದನ್ನು ಟ್ರಯಾಜ್ ದರ್ಜೆ ಹೇಳುತ್ತದೆಯೇ ಹೊರತು, ಆತನಿಗೆ ಎಷ್ಟು ಶುಶ್ರೂಷೆ ಬೇಕಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ನಮ್ಮ ಸಾಲಿನ ಆರು ಹಾಸಿಗೆಗಳಿಗೂ ಒಬ್ಬರೇ ನರ್ಸ್. ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕ್ ಹಾಕಿಕೊಂಡ ಅಮ್ಮ, ಆಗಷ್ಟೇ ಅಪಸ್ಮಾರ ಬಂದು ಇನ್ನೂ ಪೂರ್ಣ ಎಚ್ಚರವಾಗದ ಯುವಕ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೊರಟಿದ್ದ ಹುಡುಗ, ಪಾಳಿ ಪಟ್ಟಿಯಲ್ಲಿ ಮೂವರೂ ಒಂದೊಂದೇ ತಲೆ. ಮಾಸ್ಕ್ ಹಾಕಿದ ರೋಗಿಯೊಬ್ಬರಿಗೇ ಗಾಳಿ ಸೋರುತ್ತಿದೆಯೇ, ಮೂಗಿನ ಮೇಲಿನ ಚರ್ಮ ಒತ್ತಿ ಕೆಂಪಾಗಿದೆಯೇ, ವಾಂತಿ ಬರುವಂತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು.

ಇದೇ ಸಾಲಿನಲ್ಲಿ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲವೆಂದು ಉಳಿದುಹೋಗಿದ್ದ ವೃದ್ಧರೊಬ್ಬರಿದ್ದರು. ಅವರ ಜೊತೆಯಲ್ಲಿ ಯಾರೂ ಇರಲಿಲ್ಲ. ತುರ್ತು ವಿಭಾಗದ ವೈದ್ಯರ ಪಾಲಿಗೆ ಅವರ ಕೆಲಸ ಮುಗಿದಿತ್ತು. ನರ್ಸ್ ಪಾಲಿಗೆ ಮಾತ್ರ ಹೊತ್ತುಹೊತ್ತಿನ ಔಷಧ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮೂತ್ರದ ಪಾತ್ರೆ ಹಿಡಿಯುವುದು ಎಲ್ಲವೂ ಬಾಕಿಯಿತ್ತು, ಅದೂ ಹೊಸ ರೋಗಿಗಳು ಬರುತ್ತಲೇ ಇರುವಾಗ. ನನ್ನ ದೃಷ್ಟಿಯಲ್ಲಿ ವ್ಯವಸ್ಥೆಯ ಅತಿ ದೊಡ್ಡ ಲೋಪವೆಂದರೆ, ಹೀಗೆ ಉಳಿದುಹೋದವರಿಗೆ ಬೇರೆ ನರ್ಸ್ ಇಲ್ಲದಿರುವುದು.

ವೈದ್ಯರು ಬರೆದಿದ್ದ ಆ್ಯಂಟಿಬಯಾಟಿಕ್ಕನ್ನು ನಮ್ಮ ಸಿಸ್ಟರ್ ಸೀಸೆಯಲ್ಲಿ ಕಲಸುತ್ತಿದ್ದಾಗಲೇ ಪಕ್ಕದ ಮಾನಿಟರ್ ಕೂಗಿಕೊಂಡಿತು. ಅವರು ಓಡುವ ಮುನ್ನ ಸಿರಿಂಜಿಗೆ ಚೀಟಿ ಅಂಟಿಸಿ, ಅದರ ಮೇಲೆ ಔಷಧದ ಹೆಸರನ್ನೂ ರೋಗಿಯ ಹೆಸರನ್ನೂ ಬರೆದರು. ಅಂಥ ಗಡಿಬಿಡಿಯಲ್ಲೂ ಒಬ್ಬರ ಮದ್ದು ಇನ್ನೊಬ್ಬರಿಗೆ ಹೋಗಬಾರದೆಂಬ ಆ ಎಚ್ಚರ ಕಂಡು ಗೌರವ ಮೂಡಿತು. ಆದರೂ ಆ ಮದ್ದು ಅಮ್ಮನಿಗೆ ತಲುಪಿದ್ದು ಬಹಳ ತಡವಾಗಿ. ಅಮ್ಮನಂತೂ ಸಿಸ್ಟರ್‌ಗೆ ತೊಂದರೆ ಕೊಡಬಾರದೆಂದು ಮೂತ್ರ ತಡೆದುಕೊಂಡೇ ಮಲಗಿದ್ದರು. ಮಾಸ್ಕ್ ಜಾರಿದಾಗಲೆಲ್ಲ ಹೋಗಿ ಕರೆದವಳು ನಾನು. ಬಂಧುಗಳು ಪಕ್ಕದಲ್ಲಿದ್ದಾರೆಂಬ ಧೈರ್ಯದ ಮೇಲೆ ಯಾವ ಆಸ್ಪತ್ರೆಯೂ ಸಿಬ್ಬಂದಿಯ ಲೆಕ್ಕ ಹಾಕಬಾರದು.

ಇದಕ್ಕೆ ಅಳತೆಗೋಲು ಇಲ್ಲವೆಂದೇನಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಅಂಗೀಕಾರವಾಗಿ 2004ರಿಂದ ಜಾರಿಯಲ್ಲಿರುವ ನಿಯಮದಂತೆ ತುರ್ತು ವಿಭಾಗದಲ್ಲಿ ಒಬ್ಬ ನರ್ಸ್‌ಗೆ ಹೆಚ್ಚೆಂದರೆ ನಾಲ್ವರು ರೋಗಿಗಳು. ಸ್ಥಿತಿ ಗಂಭೀರವಾಗಿದ್ದರೆ ಇಬ್ಬರು, ತೀವ್ರ ಅಪಘಾತದ ಗಾಯಾಳುವಾದರೆ ಒಬ್ಬರೇ. ಟ್ರಯಾಜ್ ನರ್ಸನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಶಸ್ತ್ರಚಿಕಿತ್ಸೆಯ ರೋಗಿಗಳ ಬಗ್ಗೆ 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದು, ಪ್ರತಿ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ 30 ದಿನಗಳೊಳಗಿನ ಸಾವಿನ ಸಂಭವ ಶೇಕಡಾ 7ರಷ್ಟು ಏರುವುದನ್ನು ಕಂಡುಕೊಂಡಿತು. ಅದು ತುರ್ತು ವಿಭಾಗದ ಅಧ್ಯಯನವಲ್ಲ, ನಿಜ. ಆದರೆ ಯಾರು ಯಾವ ಗಳಿಗೆಯಲ್ಲಿ ಬರುತ್ತಾರೆಂದು ತಿಳಿಯದ ಜಾಗದಲ್ಲಿ ಹೊರೆಯ ಪರಿಣಾಮ ಹಗುರವಾಗಿರುತ್ತದೆಂದು ನಂಬುವುದು ನನಗೆ ಸಾಧ್ಯವಿಲ್ಲ. ಸಂಖ್ಯೆಯ ಮಿತಿಯ ಜೊತೆಗೆ, ಪಾಳಿಯ ನಡುವೆಯೂ ರೋಗಿಗಳ ಅಗತ್ಯವನ್ನು ಮತ್ತೆ ಅಳೆದು ಹಂಚಿಕೆ ಬದಲಿಸುವ ಅಧಿಕಾರ ಹಿರಿಯ ನರ್ಸ್‌ಗೆ ಇರಬೇಕು. ಆ ರಾತ್ರಿ ಹಿರಿಯ ನರ್ಸ್ ಕೂಡ ಒಂದು ಸಾಲಿನ ರೋಗಿಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು.

ಉಸಿರು ಕಟ್ಟಿದ ಯಾರನ್ನಾದರೂ ಮತ್ತೆ ಅಲ್ಲಿಗೇ ಕರೆದೊಯ್ಯುತ್ತೇನೆ. ಮೊದಲ ಅರ್ಧ ಗಂಟೆಯ ಆರೈಕೆ ಅಷ್ಟು ಚೆನ್ನಾಗಿದೆ. ವಯಸ್ಸಾದವರನ್ನು ಮಾತ್ರ ಒಂಟಿಯಾಗಿ ಬಿಟ್ಟು ಬರಬೇಡಿ. ದೂರು ಬರೆಯುವಿರಾದರೆ ನರ್ಸ್ ಹೆಸರಿನ ಬದಲು ದಿನಾಂಕ, ಪಾಳಿ ಮತ್ತು ಒಬ್ಬರ ಪಾಲಿಗೆ ಬಂದಿದ್ದ ರೋಗಿಗಳ ಸಂಖ್ಯೆಯನ್ನು ನಮೂದಿಸಿ ಆಡಳಿತ ಮಂಡಳಿಗೆ ಕಳುಹಿಸಿ. ನಾನು ಹಾಗೆಯೇ ಬರೆದಿದ್ದೇನೆ.