ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ ತಗೊಳ್ಳೋರೇ, ನಲ್ಲಿ ಪೈಪಿನ ವಿಡಿಯೊ ನೋಡಿ ದುಡ್ಡು ಹಾಕಬೇಡಿ

ಕಲಬುರಗಿಯಲ್ಲಿ ಕೂತು ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡಿಸುವ ಸ್ಕೂಟರ್, ತಗೊಂಡನಲ್ಲ ಅಂತ ನಗೋರು ಮೊದಲು ನಕ್ಕುಬಿಡಿ. ನಮ್ಮ ಮನೆಯಲ್ಲಿ ನಕ್ಕು ಮುಗಿದಿದೆ. ಆದರೆ ಮಾರಿದ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಕಾಕಾನ ಹೊಲ ಭೀಮಾ ದಂಡೆಗೇ ಇದೆ. ಸೊನ್ನ ಬ್ಯಾರೇಜಿನ ಹಿನ್ನೀರು. ಮಳೆಗಾಲ ಮುಗಿದ ಮೇಲೆ ನೀರು ಕೆರೆಯ ಹಾಗೆ ನಿಂತಿರುತ್ತದೆ. ಕಾಕಾನ ಮಗ ಗೋವಾಕ್ಕೆ ಹೋಗಿ ಬಂದಾಗಿನಿಂದ ಒಂದೇ ಹಟ, ನಮ್ಮದೂ ಒಂದು ಇರಲಿ ಅಂತ. ಹೊಸದಕ್ಕೆ ಕೈ ಹಾಕುವ ಮಾತೇ ಇಲ್ಲ. ಹುಬ್ಬಳ್ಳಿ ಕಡೆಯ ಒಬ್ಬ ಡೀಲರ್ ಮೊಬೈಲಿನಲ್ಲಿ ಸಿಕ್ಕ. ಯಮಹಾ ವೇವ್‌ರನ್ನರ್, ಕೂತು ಓಡಿಸುವಂಥದು, ಮೂರು ಸೀಟು. 3 ಲಕ್ಷ 40 ಸಾವಿರ. ನಾನು ಅರ್ಧ, ಕಾಕಾನ ಮಗ ಅರ್ಧ.

"ಈ ಗಾಡಿ ಸಮುದ್ರಾನ ಕಂಡಿಲ್ಲ ನೋಡ್ರಿ ಸರ್. ಬರೇ ಡ್ಯಾಮಿನ ನೀರಾಗ ಓಡೈತಿ, ತೊಂಬತ್ತೆರಡ ತಾಸು." ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಮುದ್ರಾನ ಕಂಡಿಲ್ಲ.

ಒಂದು ವಿಡಿಯೊ ಕಳಿಸಿದ. ಕಾಂಪೌಂಡಿನಲ್ಲಿ ಸ್ಟ್ಯಾಂಡ್ ಮೇಲೆ ಗಾಡಿ, ಎಂಜಿನ್ ತಂಪಾಗಿರಲಿ ಅಂತ ಅದಕ್ಕೆ ನೀರಿನ ಹಸಿರು ಪೈಪ್ ಸಿಕ್ಕಿಸಿದ್ದಾನೆ. ನಲ್ಲಿ ತಿರುಗಿಸಿದ, ಬಟನ್ ಒತ್ತಿದ, ಒಂದೇ ಸಲಕ್ಕೆ ಸ್ಟಾರ್ಟ್. ನನ್ನ ತಮ್ಮ ಆ ಸದ್ದನ್ನು ಹತ್ತು ಸಲ ಕೇಳಿಸಿದ. ಅಲ್ಲೇ ನಾವು ಮುಳುಗಿದ್ದು. ಸುಮ್ನೆ ಯೋಚನೆ ಮಾಡಿ, ಗಾಡಿ ನೆಲದ ಮೇಲಿದ್ದಾಗ ಎಂಜಿನ್ ಮಾತ್ರ ಗೊತ್ತಾಗುತ್ತದೆ. ಅದನ್ನು ಮುಂದಕ್ಕೆ ತಳ್ಳುವುದು ಕೆಳಗಿನ ಜೆಟ್ ಪಂಪು. ನೀರು ಎಳೆದು ಹಿಂದಕ್ಕೆ ಚಿಮ್ಮಿಸಬೇಕು. ಆ ಪಂಪು ಸತ್ತಿದ್ದರೂ ನೆಲದ ಮೇಲೆ ಸದ್ದು ಚೆನ್ನಾಗಿಯೇ ಬರುತ್ತದೆ. ಇನ್ನೊಂದು ಮಾತು. ಯಮಹಾದಲ್ಲಿ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಆಮೇಲೆ ನೀರು ಬಿಡಬೇಕು, ನಿಲ್ಲಿಸುವಾಗ ಮೊದಲು ನೀರು ಬಂದ್ ಮಾಡಬೇಕು. ಇಲ್ಲದಿದ್ದರೆ ನೀರು ಎಂಜಿನ್ನಿನೊಳಗೆ ಸೇರಬಹುದು. ಈ ಪುಣ್ಯಾತ್ಮ ಮೊದಲು ನಲ್ಲಿ ತಿರುಗಿಸಿದ್ದ! ಆಗ ನಮಗೆಲ್ಲಿ ಗೊತ್ತು.

50 ಸಾವಿರ ಅಡ್ವಾನ್ಸ್ ಫೋನ್‌ಪೇ, ಉಳಿದದ್ದು ಗಾಡಿ ಪಿಕಪ್‌ಗೆ ಹೇರುವ ಮುಂಚೆ. ಬಾಡಿಗೆ ಬೇರೆ 18 ಸಾವಿರ. ಬಿಲ್ ಕೇಳಿದರೆ "ಆಮ್ಯಾಲೆ ಕಳಸ್ತೀನ್ರಿ" ಅಂದ. ರಿಜಿಸ್ಟ್ರೇಷನ್ ಕೇಳಿದರೆ "ನೀರಿನ ಗಾಡಿಗೆ ಆರ್‌ಟಿಒ ಇಲ್ಲರಿ" ಅಂದ. ಆರ್‌ಟಿಒ ಇಲ್ಲ ನಿಜ. ಆದರೆ ಒಳನಾಡಿನ ನೀರಿನಲ್ಲಿ ಓಡುವ ಎಂಜಿನ್ ದೋಣಿಗಳಿಗೆ 2021ರದೇ ಒಂದು ಕಾಯ್ದೆ ಇದೆ, ತಪಾಸಣೆ, ನೋಂದಣಿ ಎಲ್ಲ ಅದರಲ್ಲಿದೆ. ಅರ್ಧ ಸತ್ಯ ಹೇಳಿ ಬಾಯಿ ಮುಚ್ಚಿಸಿದ.

ದಸರೆಗೆ ಪೂಜೆ ಇಟ್ಟೆವು. ಕುಟುಂಬದ ಇಪ್ಪತ್ತು ಇಪ್ಪತ್ತೈದು ಜನ ದಂಡೆ ಮೇಲೆ. ಗಾಲಿ ಇಲ್ಲದ ಗಾಡಿಗೆ ಲಿಂಬೆಹಣ್ಣು ಎಲ್ಲಿ ಇಡೋದು ಅಂತ ಅದಕ್ಕೂ ಜಗಳ. ಕೊನೆಗೆ ಅದನ್ನು ದಂಡೆಗೆ ತಂದ ಟ್ರ್ಯಾಕ್ಟರ್ ಟ್ರಾಲಿಯ ಗಾಲಿಗೆ ಇಟ್ಟರು. ನಾನು ಲೈಫ್ ಜಾಕೆಟ್ ಹಾಕಿಕೊಂಡು, ಎದೆಮಟ್ಟ ನೀರಿಗೆ ತಳ್ಳಿಸಿ ಹತ್ತಿದೆ. ಕಡಿಮೆ ನೀರಿನಲ್ಲಿ ಸ್ಟಾರ್ಟ್ ಮಾಡಿದರೆ ಉಸುಕು ಹೀರುತ್ತದೆ ಅನ್ನುವುದಷ್ಟು ತಿಳಿದಿತ್ತು. ಥ್ರಾಟಲ್, ಅಂದರೆ ಎಕ್ಸಲರೇಟರ್, ಒತ್ತಿದೆ. ಎಂಜಿನ್ ಕಿರುಚಿತು. ಅಬ್ಬಬ್ಬಾ ಏನು ಕಿರುಚಾಟ. ಗಾಡಿ ಮಾತ್ರ ತೆವಳಿತು. ಪೂರ್ತಿ ಒತ್ತಿದೆ, ಇನ್ನೂ ಜಾಸ್ತಿ ಕಿರುಚಿತು, ಮತ್ತೆ ತೆವಳಿತು. ದಂಡೆಯಿಂದ ತಮ್ಮನ ಮಗಳು ಕೂಗಿದಳು: "ದೊಡ್ಡಪ್ಪಾ, ನಮ್ಮ ಎಮ್ಮಿನೇ ಜೋರ್ ಈಸ್ತದ!"

ಎರಡು ನಿಮಿಷಕ್ಕೆ ಬೀಪ್ ಬೀಪ್, ಎಂಜಿನ್ ಬಿಸಿಯಾಯಿತು ಅನ್ನುವ ಅಲಾರಂ. ಗಾಬರಿಯಲ್ಲಿ ಥ್ರಾಟಲ್ ಬಿಟ್ಟೆ. ಬಿಟ್ಟರೆ ಹ್ಯಾಂಡಲ್ ತಿರುಗಿಸಿಯೂ ಉಪಯೋಗವಿಲ್ಲ, ಚಿಮ್ಮುವ ನೀರೇ ಇದರ ಸ್ಟೇರಿಂಗ್. ಬ್ರೇಕ್ ಅಂತೂ ಇಲ್ಲ. ತೇಲಿಕೊಂಡು ಹೋಗಿ ಪಕ್ಕದ ಹೊಲದವರ ಪಂಪ್‌ಸೆಟ್ ಪೈಪಿಗೆ ಆತುಕೊಂಡು ನಿಂತೆ. ಕೆಂಪು ದಾರದ ಕ್ಲಿಪ್ ಇರುತ್ತದಲ್ಲ, ನಾವು ಬಿದ್ದರೆ ಎಂಜಿನ್ ಬಂದ್ ಮಾಡೋದು? ದಾರ ಕೊಟ್ಟಿದ್ದ, ಕೈಗೂ ಕಟ್ಟಿಕೊಂಡಿದ್ದೆ. ಆ ದಿನ ಸಂಜೆ ನೋಡಿದರೆ ಸ್ವಿಚ್ಚಿನೊಳಗೆ ಪ್ಲಾಸ್ಟಿಕ್ ತುಂಡು ತುರುಕಿ ಕಪ್ಪು ಟೇಪ್ ಸುತ್ತಿದ್ದಾನೆ. ದಾರ ಎಳೆದರೂ ಎಂಜಿನ್ ನಿಲ್ಲುವುದಿಲ್ಲ. ಮಕ್ಕಳನ್ನು ಹತ್ತಿಸಿದ್ದರೆ? ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ಹೊಟ್ಟೆ ಉರಿಯುವುದು.

ನಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್ ಪಂಪ್ ಬಿಚ್ಚಿದ. ಒಳಗೆ ಫ್ಯಾನಿನಂಥ ಇಂಪೆಲ್ಲರ್, ಸುತ್ತ ವೇರ್ ರಿಂಗ್ ಅನ್ನುವ ಬಳೆ. ಎರಡರ ನಡುವೆ ಅರ್ಧ ಮಿಲಿಮೀಟರ್ ಆಸುಪಾಸು ಸಂದಿ ಇರಬೇಕು, ಜಾಸ್ತಿಯಾದರೆ ನೀರು ಅಲ್ಲೇ ಸೋರಿ ತಳ್ಳುವ ಬಲ ಹೋಗುತ್ತದೆ. ಅವನು ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಆ ಸಂದಿಯಲ್ಲಿ ತೂರಿಸಿದ. ಸಲೀಸಾಗಿ ಹೋಯಿತು. ಆಮೇಲೆ ಎಂಜಿನ್ ತಂಪು ಮಾಡುವ ನೀರಿನ ಪೈಪ್ ಬಿಚ್ಚಿದ. ಯಮಹಾದಲ್ಲಿ ಹೊರಗಿನ ನೀರೇ ಎಂಜಿನ್ ತಂಪು ಮಾಡುವ ನಾಳಗಳಲ್ಲಿ ಸುತ್ತಿ ಬರುತ್ತದೆ. ಪೈಪಿನ ಬಾಯಿಗೆ ಬಿಳಿ ಗಟ್ಟಿ ಕಟ್ಟಿತ್ತು. ಉಗುರಲ್ಲಿ ಕೆರೆದು ನಾಲಿಗೆಗೆ ಹಚ್ಚಿಕೊಂಡ.

"ಉಪ್ಪದರಿ ಅಣ್ಣಾರ."

ನಾನೂ ಹಚ್ಚಿ ನೋಡಿದೆ. ಉಪ್ಪು. ಸಮುದ್ರಾನ ಕಂಡಿಲ್ಲವಂತೆ!

ಡೀಲರ್ ಉತ್ತರಗಳು ಹೀಗಿದ್ದವು. ಮೊದಲ ದಿನ: "ಥ್ರಾಟಲ್ ಸರಿ ಕೊಟ್ಟಿಲ್ಲ ನೀವು, ಬೈಕ್ ಅಲ್ಲರಿ ಅದು." ನಾಣ್ಯದ ಫೋಟೊ ಕಳಿಸಿದೆ: "ಭೀಮಾ ಉಸುಕು ತಿಂದೈತಿ." ಎರಡು ನಿಮಿಷದಲ್ಲಾ? ಉಪ್ಪಿನ ಫೋಟೊ ಕಳಿಸಿದೆ: "ಉಪ್ಪಲ್ಲರಿ ಅದು, ನಿಮ್ಮ ಕಡೆ ನೀರ ಗಡಸು." ಗಡಸು ನೀರು ನಮಗೆ ಹೇಳಿಕೊಡಬೇಕೇ? ಪ್ರತಿ ವರ್ಷ ಗೀಸರ್ ಕೆರೆಯುವ ಜನ ನಾವು. ಗಡಸು ನೀರಿನ ಸುಣ್ಣ ಉಪ್ಪುಪ್ಪು ಆಗುವುದಿಲ್ಲ. ಕೊನೆಗೆ ಒಂದು ವಾಯ್ಸ್ ಮೆಸೇಜು: "ಇದ್ದಂಗ ಕೊಟ್ಟೇನಿ ಸರ್, ನೀವ ನೋಡಿ ತಗೊಂಡೀರಿ. ಓದಿದವರಿದ್ದೀರಿ." ಆ ಓದಿದವರಿದ್ದೀರಿ ಅನ್ನುವುದನ್ನು ಎಷ್ಟು ನಯವಾಗಿ ಹೇಳಿದ ಗೊತ್ತಾ. ಆಮೇಲೆ ಒಂದೇ ಟಿಕ್.

ದೂರು ಕೊಡಲು ಕೈಯಲ್ಲಿ ಏನಿದೆ? ಒಂದು ಹಾಳೆ, ಅದರಲ್ಲಿ "ವಾಟರ್ ಸ್ಕೂಟರ್, ಹಳೇದು, 1". ಗಾಡಿಯ ಹಿಂಭಾಗದಲ್ಲಿ ಹಲ್ ನಂಬರ್ (ಬೈಕಿನ ಚಾಸಿ ನಂಬರಿನಂಥ ಗುರುತಿನ ಸಂಖ್ಯೆ) ಇರಬೇಕಾದ ಜಾಗ ಉಜ್ಜಿ ಬಣ್ಣ ಬಳಿದಿದ್ದಾನೆ.

ತಗೊಳ್ಳಲೇಬೇಕು ಅಂದರೆ ನೀವೇ ಹೋಗಿ, ನೀರಿಗಿಳಿಸಿ ಓಡಿಸಿ. ಇಳಿಸೋದಿಲ್ಲ ಅಂದರೆ ಎದ್ದು ಬನ್ನಿ. ಹಲ್ ನಂಬರ್ ಬಿಲ್ಲಿನ ಜತೆ ತಾಳೆ ನೋಡಿ, ಕೆಂಪು ದಾರ ಎಳೆದು ನೋಡಿ. ಪೈಪ್ ಬಿಚ್ಚಿಸಿ, ನಾಲಿಗೆಗೆ ಹಚ್ಚಿ. ನಾಚಿಕೆಪಡಬೇಡಿ.

ಗಾಡಿ ಈಗ ಹೊಲದ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಕೂತಿದೆ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿದೆ ಅಂತ ಕಾಕು ಫೋನಿನಲ್ಲಿ ಹೇಳಿದರು. ನಿನ್ನೆ ತಮ್ಮ ಇನ್ನೊಂದು ಜಾಹೀರಾತು ಕಳಿಸಿದ. ಈ ಸಲ ನೀಲಿ ಬಣ್ಣದ್ದು, ಅದೇ ಕಾಂಪೌಂಡ್, ಅದೇ ಹಸಿರು ಪೈಪ್. ಕೆಳಗೆ ಬರೆದಿದ್ದಾನೆ: ಸಿಹಿನೀರಿನ ಗಾಡಿ, 85 ತಾಸು ಮಾತ್ರ.